ಸೇವ್ ಆದ ಮೇಲೆ ಹಿಂದೆ ಒತ್ತಿದರೆ ಮತ್ತೆ ಅದೇ ಫಾರ್ಮ್ ಬರುತ್ತಿದೆ. ಫ್ಲಟರ್ ಆ್ಯಪ್‌ನಲ್ಲಿ ಸ್ಕ್ರೀನ್‌ಗಳನ್ನು ಹೇಗೆ ಜೋಡಿಸಬೇಕು?

ಸಿಂಧನೂರು ಸೋನಾ (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಸೋದರಮಾವಂದು ಸಿಂಧನೂರಿನಲ್ಲಿ ದಲಾಲಿ ಅಂಗಡಿ, ಭತ್ತದ್ದು. ಸುಗ್ಗಿ ಬಂತು ಅಂದ್ರೆ ಟ್ರ್ಯಾಕ್ಟರ್ ಸಾಲು ಮುಗಿಯುವುದೇ ಇಲ್ಲ. ಯಾವ ರೈತ, ಯಾವ ಊರು, ತಳಿ ಸೋನಾ ಮಸೂರಿಯೋ ಆರ್‌ಎನ್‌ಆರೋ, ಎಷ್ಟು ಚೀಲ, ತೂಕ ಎಷ್ಟು, ರೇಟ್ ಎಷ್ಟು, ಎಲ್ಲ ಕೈಯಲ್ಲೇ ಬರೆಯುತ್ತಿದ್ದರು. ನಮ್ಮಲ್ಲಿ ರೇಟ್ ಮಾತಾಡುವುದು 75 ಕೆಜಿ ಚೀಲದ ಲೆಕ್ಕದಲ್ಲಿ, ಬೆಂಬಲ ಬೆಲೆ ಹೇಳುವುದು ಕ್ವಿಂಟಲ್ ಲೆಕ್ಕದಲ್ಲಿ. ಈ ಗುಣಾಕಾರದಲ್ಲೇ ದಿನಕ್ಕೆ ಎರಡು ಜಗಳ. ಅದಕ್ಕೆ ನಾನು ಫ್ಲಟರ್‌ನಲ್ಲಿ ಒಂದು ಆ್ಯಪ್ ಮಾಡಿದೆ. ಗುಮಾಸ್ತರ ಹತ್ತಿರ ಆಂಡ್ರಾಯ್ಡ್ ಇದೆ, ಮಾವನ ಮಗನ ಹತ್ತಿರ ಐಫೋನ್ ಇದೆ, ಎರಡಕ್ಕೂ ಒಂದೇ ಕೋಡ್ ಆಗುತ್ತದಲ್ಲ ಅಂತ.

ಸ್ಕ್ರೀನ್ ಇರುವುದು ನಾಲ್ಕೇ. ಲಾಗಿನ್, ಇವತ್ತಿನ ಚೀಟಿಗಳ ಪಟ್ಟಿ, ಹೊಸ ಚೀಟಿಯ ಫಾರ್ಮ್, ಆಮೇಲೆ ಸೇವ್ ಆದ ಚೀಟಿಯನ್ನು ತೋರಿಸುವ ಸ್ಕ್ರೀನ್. ಅಲ್ಲಿಂದ ವಾಟ್ಸಾಪ್‌ಗೆ ಕಳಿಸಬಹುದು. ಒಂದರಿಂದ ಇನ್ನೊಂದಕ್ಕೆ ಹೋಗಲು ಎಲ್ಲ ಕಡೆ ನ್ಯಾವಿಗೇಟರ್ ಪುಷ್ ಬಳಸಿದೆ. ಕಲಿತ ವಿಡಿಯೋದಲ್ಲಿ ಹಾಗೇ ಇತ್ತು. ಮನೆಯಲ್ಲಿ ಚೆನ್ನಾಗಿ ನಡೆಯಿತು.

ಅಂಗಡಿಯಲ್ಲಿ ಮೊದಲ ದಿನವೇ ಎಡವಟ್ಟು. ಗುಮಾಸ್ತರು ಸೇವ್ ಒತ್ತುತ್ತಾರೆ, ಚೀಟಿ ಬರುತ್ತದೆ, ವಾಟ್ಸಾಪ್ ಮಾಡುತ್ತಾರೆ, ಹಿಂದೆ ಒತ್ತುತ್ತಾರೆ. ಪಟ್ಟಿ ಬರಬೇಕಲ್ವಾ? ತುಂಬಿದ ಫಾರ್ಮ್ ಮತ್ತೆ ಬಂದು ನಿಲ್ಲುತ್ತದೆ. ಸೇವ್ ಆಗಿಲ್ಲವೇನೋ ಅಂತ ಇನ್ನೊಮ್ಮೆ ಸೇವ್. ರಾತ್ರಿ ಲೆಕ್ಕ ಹಾಕಿದರೆ ಗೋಡೌನ್‌ನಲ್ಲಿ ಇರುವುದಕ್ಕಿಂತ ಆ್ಯಪ್‌ನಲ್ಲಿ 140 ಚೀಲ ಜಾಸ್ತಿ. ಮಾವ "ನಿನ್ನ ಫೋನಿನ್ಯಾಗ ಚಲೋ ಬೆಳಿ ಬಂದೈತಲ್ಲೋ" ಅಂದರು. ಹನ್ನೊಂದು ಗಂಟೆ ತನಕ ಕೂತು ಡಬಲ್ ಅನ್ನಿಸಿದ್ದನ್ನೆಲ್ಲ ಅಳಿಸಿದೆ. ಅಳಿಸಿದ ಮೇಲೆ ಉಲ್ಟಾ, ಆ್ಯಪ್‌ಗಿಂತ ಗೋಡೌನ್‌ನಲ್ಲೇ 22 ಚೀಲ ಜಾಸ್ತಿ ಬಂತು. ಅದು ಎಣಿಸುವಾಗ ತಪ್ಪಿರಬೇಕು, ಬಿಡಿ.

ಇನ್ನೂ ಎರಡು ತೊಂದರೆ ಇವೆ. ಪಟ್ಟಿಯಲ್ಲಿ ಹಿಂದೆ ಒತ್ತಿದರೆ ಲಾಗಿನ್ ಬರುತ್ತದೆ. ಹೊಸ ಚೀಟಿ ಮಾಡಿ ಪಟ್ಟಿಗೆ ವಾಪಸ್ ಬಂದರೆ ಆ ಚೀಟಿ ಕಾಣುವುದಿಲ್ಲ, ಆ್ಯಪ್ ಮುಚ್ಚಿ ತೆಗೆದರೆ ಮಾತ್ರ ಕಾಣುತ್ತದೆ. ಯಾರಾದರೂ ದಾರಿ ತೋರಿಸಿ.

ಹಟ್ಟಿ ಚಿನ್ನ

ಇಷ್ಟಕ್ಕೆ ಆ್ಯಪ್ ಯಾಕೆ ಗುರು, ಎಕ್ಸೆಲ್ ಸಾಕಲ್ವಾ.

ಸಿಂಧನೂರು ಸೋನಾ

ಧೂಳಲ್ಲಿ, ಟ್ರ್ಯಾಕ್ಟರ್ ಪಕ್ಕ ನಿಂತು, ಒಂದೇ ಕೈಯಲ್ಲಿ ಎಕ್ಸೆಲ್ ತುಂಬಿ ತೋರಿಸಿ ಅಣ್ಣಾ. ನಾನೇ ಬಂದು ಕಲಿತುಕೊಳ್ಳುತ್ತೇನೆ.

ಬಳ್ಳಾರಿ ಬಿಸಿಲು (ಸೋಮವಾರ ರಾತ್ರಿ)

ತಮ್ಮಾ, ನಿನ್ನ ಮೂರೂ ತೊಂದರೆಗೆ ಬೇರು ಒಂದೇ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಜಾಬ್‌ವರ್ಕ್ ಯೂನಿಟ್‌ಗಳಿಗೆ ಬಂಡಲ್ ಲೆಕ್ಕದ ಆ್ಯಪ್ ಮಾಡಿಕೊಡುತ್ತೇನೆ. ಕಟಿಂಗ್‌ನಿಂದ ಎಷ್ಟು ಪೀಸ್ ಬಂತು, ಹೊಲಿಗೆಗೆ ಎಷ್ಟು ಹೋಯಿತು, ವಾಷಿಂಗ್‌ಗೆ ಎಷ್ಟು, ಅಷ್ಟೇ. ಅದು ರಿಯಾಕ್ಟ್ ನೇಟಿವ್, ಫ್ಲಟರ್ ತರಹದ್ದೇ ಇನ್ನೊಂದು ಸಾಧನ, ಆದರೆ ಈ ವಿಷಯ ಎರಡರಲ್ಲೂ ಒಂದೇ.

ಗೋಡೌನ್‌ನಲ್ಲಿ ಚೀಲದ ಮೇಲೆ ಚೀಲ ಒಟ್ಟುತ್ತಾರಲ್ಲ, ನ್ಯಾವಿಗೇಟರ್ ಕೂಡ ಹಾಗೇ. ಪುಷ್ ಅಂದ್ರೆ ಮೇಲೆ ಒಂದು ಚೀಲ ಇಟ್ಟೆ ಅಂತ. ಪಾಪ್ ಅಂದ್ರೆ ಮೇಲಿನದನ್ನು ಇಳಿಸಿದೆ ಅಂತ. ಕೆಳಗಿನ ಚೀಲ ಎಲ್ಲೂ ಹೋಗಿಲ್ಲ, ಅಲ್ಲೇ ಕೂತಿದೆ. ನೀನು ಲಾಗಿನ್ ಇಟ್ಟೆ, ಅದರ ಮೇಲೆ ಪಟ್ಟಿ, ಅದರ ಮೇಲೆ ಫಾರ್ಮ್, ಅದರ ಮೇಲೆ ಚೀಟಿ. ಗುಮಾಸ್ತರು ಹಿಂದೆ ಒತ್ತಿದಾಗ ಚೀಟಿ ಇಳಿಯಿತು, ಅದರ ಕೆಳಗೆ ಇದ್ದದ್ದು ಫಾರ್ಮ್, ತುಂಬಿದ ಹಾಗೇ ಕಾಣಿಸಿತು. ಆ್ಯಪ್ ನೀನು ಹೇಳಿದ್ದನ್ನೇ ಮಾಡಿದೆ.

ಸೇವ್ ಆದ ಮೇಲೆ ಫಾರ್ಮ್ ಯಾರಿಗೂ ಬೇಡ. ಅಲ್ಲಿ ಪುಷ್ ಬದಲು ಪುಷ್‌ರಿಪ್ಲೇಸ್‌ಮೆಂಟ್ ಹಾಕು. ಫಾರ್ಮ್ ಹೋಗಿ ಅದೇ ಜಾಗದಲ್ಲಿ ಚೀಟಿ ಕೂರುತ್ತದೆ, ಹಿಂದೆ ಒತ್ತಿದರೆ ನೇರ ಪಟ್ಟಿ. ಲಾಗಿನ್ ಆದ ಮೇಲೆ ಪುಷ್‌ಅಂಡ್‌ರಿಮೂವ್‌ಅಂಟಿಲ್ ಬಳಸಿ ಕೆಳಗಿನದನ್ನೆಲ್ಲ ತೆಗೆದುಬಿಡು. ಲಾಗಔಟ್ ಮಾಡುವಾಗಲೂ ಅದೇ. ಇಲ್ಲಾಂದ್ರೆ ಲಾಗಔಟ್ ಆದವನು ಹಿಂದೆ ಒತ್ತಿ ಮತ್ತೆ ಒಳಗೆ ಬಂದು ಕೂರುತ್ತಾನೆ. ನಮ್ಮ ಯೂನಿಟ್‌ನಲ್ಲಿ ಒಬ್ಬರು ಹೀಗೇ ಬಂದು ಇನ್ನೊಬ್ಬರ ಕೂಲಿ ಲೆಕ್ಕ ನೋಡಿಬಿಟ್ಟಿದ್ದರು, ದೊಡ್ಡ ರಾಮಾಯಣ ಆಯಿತು.

ಪಟ್ಟಿಯಲ್ಲಿ ಹೊಸ ಚೀಟಿ ಕಾಣದಿರುವುದಕ್ಕೂ ಇದೇ ಕಾರಣ. ಕೆಳಗಿನ ಸ್ಕ್ರೀನ್ ಸತ್ತು ಹುಟ್ಟುವುದಿಲ್ಲ, ಸುಮ್ನೆ ಮುಚ್ಚಿಕೊಂಡಿರುತ್ತದೆ. ಹಾಗಾಗಿ ಸ್ಕ್ರೀನ್ ಹುಟ್ಟಿದಾಗ ಒಮ್ಮೆ ಓಡುವ ನಿನ್ನ ಇನಿಟ್‌ಸ್ಟೇಟ್ ಎರಡನೇ ಸಲ ಓಡುವುದಿಲ್ಲ. ರಿಯಾಕ್ಟ್ ನೇಟಿವ್‌ನಲ್ಲಿ ಹೊಸಬರು ಯೂಸ್‌ಎಫೆಕ್ಟ್ ಹಾಕಿ ಇದೇ ಹಳ್ಳಕ್ಕೆ ಬೀಳುತ್ತಾರೆ, ಅಲ್ಲಿ ಸ್ಕ್ರೀನ್ ಮತ್ತೆ ಮುಂದೆ ಬಂದಾಗಲೆಲ್ಲ ಓಡುವ ಯೂಸ್‌ಫೋಕಸ್‌ಎಫೆಕ್ಟ್ ಬೇಕು. ಫ್ಲಟರ್‌ನಲ್ಲಿ ಪುಷ್‌ಗೆ ಅವೇಟ್ (ಮುಗಿಯುವ ತನಕ ಕಾಯಿ ಅನ್ನುವ ಪದ) ಹಾಕಿ, ವಾಪಸ್ ಬಂದ ಮೇಲೆ ಪಟ್ಟಿಯನ್ನು ಮತ್ತೆ ಓದಿಸು.

ಸಿಂಧನೂರು ಸೋನಾ

ಅಕ್ಕಾ, ಚೀಲದ ಲೆಕ್ಕದಲ್ಲಿ ಹೇಳಿದಿರಿ ನೋಡಿ, ತಟ್ಟನೆ ತಲೆಗೆ ಹೋಯಿತು. ನಾಳೆ ಬೆಳಿಗ್ಗೆಯೇ ಬದಲಿಸುತ್ತೇನೆ.

ಮಾನ್ವಿ ಮಾಸ್ತರ್ (ಮಂಗಳವಾರ)

ಬಳ್ಳಾರಿಯವರು ಹೇಳಿದ್ದು ಸರಿ, ಆದರೆ ಒಂದು ಸೂಕ್ಷ್ಮ ಇದೆ. ಪುಷ್‌ರಿಪ್ಲೇಸ್‌ಮೆಂಟ್ ಮಾಡಿದರೆ ಪಟ್ಟಿಯಲ್ಲಿ ಕಾಯುತ್ತಿರುವ ಅವೇಟ್ ಫಾರ್ಮ್ ಬದಲಾದಾಗಲೇ ಮುಗಿದುಬಿಡುತ್ತದೆ. ಚೀಟಿ ನೋಡಿ ವಾಪಸ್ ಬರುವ ತನಕ ಅದು ಕಾಯುವುದಿಲ್ಲ. ಇಲ್ಲಿ ಸೇವ್ ಮೊದಲೇ ಆಗಿರುವುದರಿಂದ ನಡೆಯುತ್ತದೆ. ಚೀಟಿ ಸ್ಕ್ರೀನ್‌ನಲ್ಲಿ ರದ್ದು ಮಾಡುವ ಬಟನ್ ಇದ್ದರೆ ಮಾತ್ರ ಪಟ್ಟಿ ಹಳೆಯದೇ ತೋರಿಸುತ್ತದೆ. ಅದಕ್ಕೆ ಪಟ್ಟಿಯು ನ್ಯಾವಿಗೇಟರ್ ನಂಬಿಕೊಂಡು ಕೂರುವುದೇ ಬೇಡ, ಡೇಟಾಬೇಸ್‌ನಲ್ಲಿ ಏನಾದರೂ ಬದಲಾದರೆ ತಾನೇ ತಿಳಿದುಕೊಳ್ಳಲಿ, ಬದಲಾದ ಹಾಗೆಲ್ಲ ಸುದ್ದಿ ಕಳಿಸುವ ಒಂದು ಸ್ಟ್ರೀಮ್‌ಗೆ ಕಿವಿ ಕೊಟ್ಟರೆ ಸಾಕು.

ಇನ್ನೊಂದು. ಚೀಟಿ ಸ್ಕ್ರೀನ್‌ಗೆ ಏನು ಕಳಿಸುತ್ತಿದ್ದೀರಿ? ಇಡೀ ಚೀಟಿಯನ್ನೇ ಕಳಿಸುತ್ತಿದ್ದರೆ ಬಿಡಿ, ಬರೀ ಅದರ ಐಡಿ ಕಳಿಸಿ. ಆ ಸ್ಕ್ರೀನ್ ತಾನೇ ಡೇಟಾಬೇಸ್‌ನಿಂದ ಓದಿಕೊಳ್ಳಲಿ. ಇಲ್ಲದಿದ್ದರೆ ಒಂದು ಕಡೆ ತೂಕ ತಿದ್ದಿದ್ದು ಇನ್ನೊಂದು ಕಡೆ ಹಳೆಯದೇ ಕಾಣುತ್ತದೆ.

ನಾನು ಹುಡುಗರಿಗೆ ಕಲಿಸುವಾಗ ಮೊದಲ ದಿನ ಲ್ಯಾಪ್‌ಟಾಪ್ ತೆಗೆಯಲು ಬಿಡುವುದಿಲ್ಲ. ಸ್ಕ್ರೀನ್‌ಗಳ ಹೆಸರು ಹಾಳೆಯ ಮೇಲೆ ಬರೆಸುತ್ತೇನೆ. ಮುಂದೆ ಹೋಗುವ ಬಾಣ ಎಲ್ಲರೂ ಹಾಕುತ್ತಾರೆ. ಕೆಂಪು ಪೆನ್ನಿನಲ್ಲಿ ಹಿಂದಿನ ಬಾಣ ಹಾಕಿ ಅಂದಾಗ ಅರ್ಧ ಜನ ಪೆನ್ನು ಕಚ್ಚುತ್ತಾ ಕೂರುತ್ತಾರೆ. ನಿಮ್ಮ ನಾಲ್ಕು ಸ್ಕ್ರೀನ್‌ಗೆ ಒಮ್ಮೆ ಹಾಕಿ ನೋಡಿ. ಮುಂದೆ ಹೋಗುವಾಗ ಬಟನ್ ನೀವು ಇಟ್ಟದ್ದು, ನೀವು ಇಟ್ಟಲ್ಲೇ ಒತ್ತುತ್ತಾರೆ. ಹಿಂದೆ ಹೋಗುವ ಬಟನ್ ಫೋನಿನದು, ಅದನ್ನು ಯಾವಾಗ ಬೇಕಾದರೂ ಒತ್ತುತ್ತಾರೆ.

ಕಿನ್ನಾಳ ಗೊಂಬೆ (ಮಂಗಳವಾರ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಕೊಪ್ಪಳದವನು, ನಮ್ಮೂರಿನ ಮರದ ಗೊಂಬೆಗಳ ಕ್ಯಾಟಲಾಗ್ ಆ್ಯಪ್ ಮಾಡಬೇಕು ಅಂತಿದ್ದೇನೆ. ಫ್ಲಟರ್ ಕಲಿಯಲೋ ರಿಯಾಕ್ಟ್ ನೇಟಿವ್ ಕಲಿಯಲೋ? ನ್ಯಾವಿಗೇಶನ್ ಯಾವುದರಲ್ಲಿ ಸುಲಭ?

ಹಟ್ಟಿ ಚಿನ್ನ

ರಿಯಾಕ್ಟ್ ನೇಟಿವ್ 2015ರಿಂದ ಇದೆ, ಫ್ಲಟರ್ ಮೊದಲ ಪಕ್ಕಾ ಆವೃತ್ತಿ ಬಂದಿದ್ದು 2018ರ ಡಿಸೆಂಬರ್‌ನಲ್ಲಿ. ಹಳೆಯದು ಗಟ್ಟಿ. ಕಣ್ಣು ಮುಚ್ಚಿ ರಿಯಾಕ್ಟ್ ನೇಟಿವ್ ತಗೋ.

ಬಳ್ಳಾರಿ ಬಿಸಿಲು

ನಾನೇ ರಿಯಾಕ್ಟ್ ನೇಟಿವ್‌ನಲ್ಲಿ ಅನ್ನ ತಿನ್ನುವವಳು, ಆದರೂ ಈ ಮಾತು ಒಪ್ಪುವುದಿಲ್ಲ. ಫ್ಲಟರ್‌ನಲ್ಲಿ ನ್ಯಾವಿಗೇಟರ್ ಜೊತೆಗೇ ಬರುತ್ತದೆ. ರಿಯಾಕ್ಟ್ ನೇಟಿವ್‌ನಲ್ಲಿ ಬೇರೆ ಲೈಬ್ರರಿ ಹಾಕಿಕೊಳ್ಳಬೇಕು, ಹೆಚ್ಚಿನವರು ರಿಯಾಕ್ಟ್ ನ್ಯಾವಿಗೇಶನ್ ಬಳಸುತ್ತಾರೆ. ರಿಯಾಕ್ಟ್ ನೇಟಿವ್ ಕೆಲಸ ಸುಲಭ ಮಾಡುವ ಎಕ್ಸ್‌ಪೋ ಇದ್ದರೆ ಎಕ್ಸ್‌ಪೋ ರೌಟರ್ ಇದೆ, ಅದರಲ್ಲಿ ಫೋಲ್ಡರ್‌ನಲ್ಲಿ ಫೈಲ್ ಇಟ್ಟರೆ ಅದೇ ಒಂದು ಸ್ಕ್ರೀನ್‌ನ ದಾರಿ ಆಗುತ್ತದೆ. ಕ್ಯಾಟಲಾಗ್‌ಗೆ ಅದು ಚೆನ್ನಾಗಿ ಒಗ್ಗುತ್ತದೆ.

ಒಂದು ಎಚ್ಚರಿಕೆ. ಹಳೆಯ ವಿಡಿಯೋ ನೋಡಿ ಕಲಿಯಬೇಡಿ. ರಿಯಾಕ್ಟ್ ನ್ಯಾವಿಗೇಶನ್‌ನಲ್ಲಿ ಮೊದಲು ನ್ಯಾವಿಗೇಟ್ ಅಂದ್ರೆ, ಆ ಸ್ಕ್ರೀನ್ ಕೆಳಗೆ ಎಲ್ಲಾದರೂ ಇದ್ದರೆ ಅಲ್ಲಿಗೇ ಇಳಿದು ಹೋಗುತ್ತಿತ್ತು. 7ನೇ ಆವೃತ್ತಿಯಿಂದ ಹಾಗಿಲ್ಲ, ಮೇಲೆ ಹೊಸದೊಂದು ಕೂರುತ್ತದೆ. ಇಳಿಯಬೇಕು ಅಂದ್ರೆ ಪಾಪ್‌ಟು ಅಂತ ಬೇರೆ ಹೇಳಬೇಕು. ಇದು ಗೊತ್ತಿಲ್ಲದೆ ಅಪ್‌ಗ್ರೇಡ್ ಮಾಡಿ, ಕಟಿಂಗ್ ಮಾಸ್ಟರ್ ಫೋನಿನಲ್ಲಿ ಒಂದೇ ಪಟ್ಟಿ ಹನ್ನೆರಡು ಸಲ ಒಟ್ಟಿಕೊಂಡು, ಅವರು ಹಿಂದೆ ಒತ್ತಿ ಒತ್ತಿ ಸುಸ್ತಾಗಿ ನನಗೆ ಫೋನ್ ಮಾಡಿ ಬೈದರು.

ಕಿನ್ನಾಳ ಗೊಂಬೆ

ಆಯ್ತು ಅಕ್ಕಾ, ಎಕ್ಸ್‌ಪೋದಿಂದ ಶುರು ಮಾಡುತ್ತೇನೆ. ಮುಂದೆ ಬೇರೆ ಕಡೆ ಕೇಳುತ್ತೇನೆ, ಇವರ ಭತ್ತದ ಕಥೆ ಮುಗಿಯಲಿ.

ಸಿಂಧನೂರು ಸೋನಾ (ಬುಧವಾರ ರಾತ್ರಿ)

ಬದಲಿಸಿದೆ. ಲಾಗಿನ್ ತೊಂದರೆ ಹೋಯಿತು, ಪಟ್ಟಿ ತಾನೇ ಹೊಸದಾಗುತ್ತಿದೆ. ಮಾಸ್ತರ್ ಹೇಳಿದ ಹಾಗೆ ಐಡಿ ಮಾತ್ರ ಕಳಿಸುತ್ತಿದ್ದೇನೆ. ಆದರೆ ಇವತ್ತೂ ಎರಡು ಡಬಲ್ ಬಂತು! ಇದು ಹೇಗೆ? ಇನ್ನೊಂದು ದೂರು ಬಂದಿದೆ. ಫಾರ್ಮ್ ತುಂಬುವಾಗ ಹೆಬ್ಬೆರಳು ಫೋನಿನ ಅಂಚಿಗೆ ತಾಗಿದರೆ ಹಿಂದೆ ಹೋಗಿಬಿಡುತ್ತದೆ, ತುಂಬಿದ್ದೆಲ್ಲ ನೀರಲ್ಲಿ ಹೋಮ.

ಬಳ್ಳಾರಿ ಬಿಸಿಲು

ಸೇವ್ ಬಟನ್ ಎರಡು ಸಲ ಒತ್ತಿರುತ್ತಾರೆ. ನೆಟ್ ನಿಧಾನ ಇದ್ದಾಗ ಏನೂ ಆಗಲಿಲ್ಲ ಅನ್ನಿಸುತ್ತದೆ, ಮತ್ತೆ ಒತ್ತುತ್ತಾರೆ. ಮೊದಲ ಒತ್ತಿಗೇ ಬಟನ್ ಮಂಕಾಗಿ, ಅಲ್ಲಿ ಚಕ್ರ ತಿರುಗಲಿ. ಅಷ್ಟೇ ಮಾಡಿ ಸುಮ್ಮನಾಗಬೇಡ. ಸರ್ವರ್‌ನಲ್ಲಿ ಸೇವ್ ಆಗಿ, ಆಯಿತು ಅನ್ನುವ ಉತ್ತರ ಬರುವಷ್ಟರಲ್ಲಿ ನೆಟ್ ಹೋಯಿತು ಅನ್ನು, ಆಗ ಇವರು ಮತ್ತೆ ಒತ್ತುವುದು ನ್ಯಾಯವೇ ಅಲ್ವಾ? ಅದಕ್ಕೆ ಫಾರ್ಮ್ ತೆರೆದ ಕ್ಷಣದಲ್ಲೇ ಫೋನಿನಲ್ಲಿ ಒಂದು ಯುಯುಐಡಿ, ಅಂದ್ರೆ ಬೇರೆ ಯಾವ ಚೀಟಿಗೂ ಬಾರದ ಐಡಿ, ಮಾಡಿಕೋ. ಡೇಟಾಬೇಸ್‌ನಲ್ಲಿ ಆ ಕಾಲಂಗೆ ಯೂನಿಕ್ ಹಾಕು. ಅದೇ ಐಡಿ ಹತ್ತು ಸಲ ಬಂದರೂ ಚೀಟಿ ಒಂದೇ.

ಮಾನ್ವಿ ಮಾಸ್ತರ್

ಅಂಚಿನ ವಿಷಯ ಹೇಳುತ್ತೇನೆ. ಆಂಡ್ರಾಯ್ಡ್ 10, ಅಂದ್ರೆ 2019ರಿಂದ, ಬಟನ್ ಬದಲು ಬೆರಳು ಎಳೆಯುವ ವ್ಯವಸ್ಥೆ ಇದೆ. ಎಡ ಬಲ ಎರಡೂ ಅಂಚಿನಿಂದ ಎಳೆದರೆ ಹಿಂದೆ. ಐಫೋನ್‌ನಲ್ಲಿ ಎಡದಿಂದ. ಹಾಗಾಗಿ ಅರ್ಧ ತುಂಬಿದ ಫಾರ್ಮ್ ಇದ್ದಾಗ ಮಧ್ಯೆ ಅಡ್ಡ ನಿಲ್ಲಬೇಕು. ಹಳೆಯ ಲೇಖನಗಳಲ್ಲಿ ವಿಲ್‌ಪಾಪ್‌ಸ್ಕೋಪ್ ಅಂತ ಇರುತ್ತದೆ, ಅದನ್ನು ಈಗ ಕೈಬಿಟ್ಟಿದ್ದಾರೆ. ಪಾಪ್‌ಸ್ಕೋಪ್ ಬಳಸಿ. ಹಳೆಯದರಲ್ಲಿ ಹಿಂದೆ ಒತ್ತಿದ ಮೇಲೆ ಬಿಡಬೇಕೋ ಬೇಡವೋ ಅಂತ ಯೋಚಿಸಬಹುದಿತ್ತು. ಹೊಸ ಆಂಡ್ರಾಯ್ಡ್‌ನಲ್ಲಿ ಬೆರಳು ಎಳೆಯುತ್ತಿದ್ದ ಹಾಗೇ ಹಿಂದಿನ ಸ್ಕ್ರೀನ್ ಇಣುಕುತ್ತದೆ. ಅದಕ್ಕೆ ಬಿಡಬಹುದೋ ಇಲ್ಲವೋ ಅನ್ನುವುದು ಮೊದಲೇ ಗೊತ್ತಿರಬೇಕು. ಅದೇ ಕ್ಯಾನ್‌ಪಾಪ್. ಫಾರ್ಮ್ ಖಾಲಿ ಇದ್ದರೆ ಟ್ರೂ, ಒಂದಕ್ಷರ ಬರೆದರೂ ಫಾಲ್ಸ್.

ಆದರೆ ಐಫೋನ್‌ನಲ್ಲಿ ಕ್ಯಾನ್‌ಪಾಪ್ ಫಾಲ್ಸ್ ಇದ್ದರೆ ಎಳೆಯುವುದೇ ನಿಂತುಹೋಗುತ್ತದೆ, "ಬಿಟ್ಟು ಹೋಗಬೇಕಾ" ಅನ್ನುವ ಡೈಲಾಗ್ ಕೂಡ ಬರುವುದಿಲ್ಲ. ಮೇಲಿನ ಬಾಣ ಒತ್ತಿದರೆ ಮಾತ್ರ ಬರುತ್ತದೆ. ನಿಮ್ಮ ಮಾವನ ಮಗ ಫೋನ್ ಹ್ಯಾಂಗ್ ಆಯಿತು ಅಂದರೆ ಇದು ನೆನಪಿರಲಿ.

ಬಳ್ಳಾರಿ ಬಿಸಿಲು

ಸರ್, ಆ ಡೈಲಾಗ್ ನನಗೆ ಹಿಡಿಸುವುದಿಲ್ಲ. ದಿನಕ್ಕೆ ನೂರು ಸಲ "ಖಚಿತವೇ?" ಅಂತ ಕೇಳಿದರೆ ಯಾರೂ ಓದದೆ ಹೌದು ಒತ್ತುತ್ತಾರೆ. ಅದರ ಬದಲು ಬರೆದ ಹಾಗೆಲ್ಲ ಫೋನಿನೊಳಗಿನ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಕರಡು ಉಳಿಸಿ, ಧಾರಾಳವಾಗಿ ಹಿಂದೆ ಹೋಗಲು ಬಿಡಿ. ಮತ್ತೆ ಬಂದಾಗ ಬಿಟ್ಟಲ್ಲಿಂದ ಶುರು.

ಮಾನ್ವಿ ಮಾಸ್ತರ್

ಇದು ನನ್ನದಕ್ಕಿಂತ ವಾಸಿ. ಒಪ್ಪಿದೆ.

ಹಟ್ಟಿ ಚಿನ್ನ

ಕರಡು ಉಳಿಸಿದರೆ ಇನ್ನೊಂದು ರೋಗಕ್ಕೂ ಮದ್ದು ಆಗುತ್ತದೆ. ವೇಬ್ರಿಡ್ಜ್ ಚೀಟಿಯ ಫೋಟೋ ತೆಗೆಸುತ್ತೀಯಾ ಆ್ಯಪ್‌ನಲ್ಲಿ? ಕಡಿಮೆ ರ್‍ಯಾಮ್ ಇರುವ ಫೋನಿನಲ್ಲಿ ಕ್ಯಾಮೆರಾ ತೆರೆದ ತಕ್ಷಣ ಆಂಡ್ರಾಯ್ಡ್ ನಿನ್ನ ಆ್ಯಪ್ ಅನ್ನು ಹಿಂದಿನಿಂದ ಕೊಂದುಬಿಡುತ್ತದೆ. ಫೋಟೋ ತೆಗೆದು ವಾಪಸ್ ಬಂದರೆ ಆ್ಯಪ್ ಮೊದಲ ಸ್ಕ್ರೀನ್‌ನಲ್ಲಿ, ಫೋಟೋನೂ ಇಲ್ಲ ಫಾರ್ಮೂ ಇಲ್ಲ. ಫೋಟೋ ತೆಗೆಸುವ ಫ್ಲಟರ್‌ನ ಇಮೇಜ್ ಪಿಕ್ಕರ್‌ನಲ್ಲಿ ಕಳೆದ ಫೋಟೋ ವಾಪಸ್ ಕೇಳಲು ರಿಟ್ರೀವ್‌ಲಾಸ್ಟ್‌ಡೇಟಾ ಅಂತ ಇದೆ, ಆ್ಯಪ್ ಶುರುವಾದಾಗ ಅದನ್ನು ಕರೆಯಬೇಕು. ನಿನ್ನ ಒಳ್ಳೆಯ ಫೋನಿನಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಡೆವಲಪರ್ ಆಯ್ಕೆಗಳಿಗೆ ಹೋಗಿ ಆ್ಯಕ್ಟಿವಿಟಿ ಉಳಿಸಬೇಡ ಅನ್ನುವುದನ್ನು ಆನ್ ಮಾಡಿ ನೋಡು.

ಸಿಂಧನೂರು ಸೋನಾ

ಎಕ್ಸೆಲ್ ಅಣ್ಣಾ, ಇಷ್ಟು ಗೊತ್ತಿದ್ದೂ ಮೊದಲ ದಿನ ಸುಮ್ನೆ ಕಾಲೆಳೆದಿರಾ! ಫೋಟೋ ತೆಗೆಸುತ್ತೇನೆ, ಗುಮಾಸ್ತರ ಫೋನ್ ಹಳೆಯದು, ಎರಡು ಸಲ ಹೀಗಾಗಿದೆ. ಅವರೇ ಏನೋ ತಪ್ಪು ಒತ್ತಿರಬೇಕು ಅಂದುಕೊಂಡಿದ್ದೆ.

ಇನ್ನೊಂದು ಆಸೆ. ಈಗ ಚೀಟಿಯ ಚಿತ್ರ ಕಳಿಸುತ್ತಿದ್ದೇವೆ. ಅದರ ಬದಲು ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ, ಮಾವ ಒತ್ತಿದರೆ ನೇರ ಆ ಚೀಟಿಯೇ ತೆರೆಯಬೇಕು.

ಮಾನ್ವಿ ಮಾಸ್ತರ್ (ಗುರುವಾರ)

ಅಲ್ಲೂ ಹಿಂದಿನ ಬಾಣದ್ದೇ ಪ್ರಶ್ನೆ. ಲಿಂಕ್‌ನಿಂದ ನೇರ ಚೀಟಿಗೆ ಬಂದವರು ಹಿಂದೆ ಒತ್ತಿದರೆ ಎಲ್ಲಿಗೆ? ಕೆಳಗೆ ಏನೂ ಇಲ್ಲದಿದ್ದರೆ ಆ್ಯಪ್ ಮುಚ್ಚುತ್ತದೆ. ಸ್ಕ್ರೀನ್‌ಗಳ ದಾರಿ ನೋಡಿಕೊಳ್ಳುವ ಗೋ ರೌಟರ್ ಅನ್ನುವ ಪ್ಯಾಕೇಜ್ ಬಳಸಿ, ಚೀಟಿಯ ದಾರಿಯನ್ನು ಪಟ್ಟಿಯ ದಾರಿಯ ಒಳಗೆ ಇಡಿ. ಆಗ ಗೋ ಅಂದರೆ ಕೆಳಗೆ ಪಟ್ಟಿ, ಮೇಲೆ ಚೀಟಿ, ಎರಡನ್ನೂ ಅದೇ ಜೋಡಿಸುತ್ತದೆ. ಪುಷ್ ಅಂದರೆ ಈಗ ಏನಿದೆಯೋ ಅದರ ಮೇಲೆ ಒಂದು ಇಡುತ್ತದೆ ಅಷ್ಟೇ. ಲಾಗಿನ್ ಆಗದವರನ್ನು ಮೊದಲು ಲಾಗಿನ್‌ಗೆ ಕಳಿಸಲು ಅದರಲ್ಲೇ ರೀಡೈರೆಕ್ಟ್ ಇದೆ.

ಹಟ್ಟಿ ಚಿನ್ನ

ಲಿಂಕ್‌ಗೆ ಫೈರ್‌ಬೇಸ್ ಡೈನಾಮಿಕ್ ಲಿಂಕ್ಸ್ ಅಂತ ಯಾರಾದರೂ ಹೇಳಿದರೆ ಕೇಳಬೇಡ, 2025ರ ಆಗಸ್ಟ್ 25ಕ್ಕೆ ಅದು ಬಾಗಿಲು ಹಾಕಿದೆ. ನಿನ್ನದೇ ಡೊಮೇನ್ ಇಟ್ಟು, ಅದರ ಲಿಂಕ್ ನಿನ್ನ ಆ್ಯಪ್‌ನದು ಅಂತ ತಿಳಿಸಲು ಆಂಡ್ರಾಯ್ಡ್‌ಗೆ ಅಸೆಟ್‌ಲಿಂಕ್ಸ್ ಫೈಲ್, ಐಫೋನ್‌ಗೆ ಆ್ಯಪಲ್ ಕೇಳುವ ಫೈಲ್ ಇಡು. ಪ್ಲೇ ಸ್ಟೋರ್‌ಗೆ ಹಾಕಿದ ಮೇಲೆ ಲಿಂಕ್ ಬ್ರೌಸರ್‌ನಲ್ಲೇ ತೆರೆಯಲು ಶುರುವಾದರೆ ತಲೆ ಕೆಡಿಸಿಕೊಳ್ಳಬೇಡ, ಅಲ್ಲಿ ಗೂಗಲ್ ತನ್ನ ಕೀಯಿಂದ ಸಹಿ ಮಾಡಿರುತ್ತದೆ. ಪ್ಲೇ ಕನ್ಸೋಲ್‌ನಲ್ಲಿ ಸಿಗುವ ಆ ಕೀಯ ಗುರುತು, ಅಂದ್ರೆ ಫಿಂಗರ್‌ಪ್ರಿಂಟ್ ಅನ್ನೂ ಫೈಲ್‌ಗೆ ಸೇರಿಸು. ನಾನು ಇದರ ಹಿಂದೆ ಮೂರು ದಿನ ಕಳೆದಿದ್ದೇನೆ.

ಸಿಂಧನೂರು ಸೋನಾ (ಶನಿವಾರ ಸಂಜೆ)

ಎಲ್ಲರಿಗೂ ವರದಿ. ಎರಡು ದಿನದಿಂದ ಡಬಲ್ ಒಂದೂ ಇಲ್ಲ. ಕರಡು ಉಳಿಯುತ್ತಿದೆ. ಲಿಂಕ್ ಇನ್ನೂ ಮುಟ್ಟಿಲ್ಲ.

ಆದರೆ ಇವತ್ತು ಗುಮಾಸ್ತರು ನನ್ನ ಮೇಲೆ ಸಿಟ್ಟಾಗಿದ್ದಾರೆ. "ಮೊದಲಿಂದೇ ಚಲೋ ಇತ್ತು, ಯಾಕ ಕೆಡಿಸಿದಿ" ಅಂತ. ಕೂರಿಸಿ ಕೇಳಿದೆ. ಒಂದೇ ಊರಿನಿಂದ ಒಂದೇ ಟ್ರ್ಯಾಕ್ಟರ್‌ನಲ್ಲಿ ಮೂರು ನಾಲ್ಕು ಜನರ ಭತ್ತ ಬರುತ್ತದೆ. ಊರು ಅದೇ, ತಳಿ ಅದೇ, ರೇಟ್ ಅದೇ, ಗಾಡಿ ನಂಬರ್ ಅದೇ. ಒಬ್ಬರ ಚೀಟಿ ಆದ ಮೇಲೆ ಅವರು ಹಿಂದೆ ಒತ್ತಿ, ಆ ತುಂಬಿದ ಫಾರ್ಮ್‌ನಲ್ಲೇ ಹೆಸರು ಮತ್ತು ತೂಕ ಬದಲಿಸಿ ಮುಂದಿನವರ ಚೀಟಿ ಮಾಡುತ್ತಿದ್ದರಂತೆ! ನಾನು ತಪ್ಪು ಅಂದುಕೊಂಡದ್ದನ್ನು ಅವರು ಮೊದಲ ದಿನವೇ ಕೆಲಸಕ್ಕೆ ಹಚ್ಚಿಕೊಂಡಿದ್ದರು. ಪುಣ್ಯಕ್ಕೆ ಆಗ ಯುಯುಐಡಿ ಇರಲಿಲ್ಲ. ಫಾರ್ಮ್ ಹಾಗೇ ಬಿಟ್ಟು ಬರೀ ಯುಯುಐಡಿ ಹಾಕಿದ್ದರೆ ಎರಡನೆಯವರ ಚೀಟಿ ಸೇವ್ ಆಗುತ್ತಲೇ ಇರಲಿಲ್ಲ.

ಆಗ ಆ 22 ಚೀಲ ನೆನಪಾಯಿತು. ಅವತ್ತಿನ ರಿಜಿಸ್ಟರ್ ತೆಗೆಸಿ ನೋಡಿದೆ. ಅಣ್ಣ ತಮ್ಮ ಇಬ್ಬರು, ಅಡ್ಡಹೆಸರು ಒಂದೇ, ಹೆಸರಿನ ಮೊದಲಕ್ಷರವೂ ಒಂದೇ, ಇಬ್ಬರದೂ 22 ಚೀಲ. ಡಬಲ್ ಅಂತ ನಾನು ಅಳಿಸಿದ್ದರಲ್ಲಿ ತಮ್ಮನ ಚೀಟಿಯೂ ಹೋಗಿದೆ. ಎಣಿಸಿದವರು ಸರಿಯಾಗೇ ಎಣಿಸಿದ್ದರು.

ಬಳ್ಳಾರಿ ಬಿಸಿಲು

ಅಯ್ಯೋ. ಹಿಂದಿನ ಬಾಣವನ್ನು ಹಾಗೇ ಬಿಡು, ಅದು ಸರಿಯಾಗಿದೆ. ಚೀಟಿ ಸ್ಕ್ರೀನ್‌ನಲ್ಲಿ "ಇದೇ ಗಾಡಿ, ಇನ್ನೊಬ್ಬರು" ಅಂತ ದೊಡ್ಡದಾಗಿ ಒಂದು ಬಟನ್ ಕೊಡು. ಒತ್ತಿದರೆ ಚೀಟಿಯ ಜಾಗದಲ್ಲಿ ಹೊಸ ಫಾರ್ಮ್ ಬರಲಿ, ಅಲ್ಲೂ ಪುಷ್‌ರಿಪ್ಲೇಸ್‌ಮೆಂಟ್. ಊರು, ತಳಿ, ರೇಟ್, ಗಾಡಿ ತುಂಬಿರಲಿ, ಹೆಸರು ಮತ್ತು ತೂಕ ಖಾಲಿ ಇರಲಿ, ಯುಯುಐಡಿ ಹೊಸದು. ಇನ್ನು ಮೇಲೆ ಚೀಟಿ ಅಳಿಸಬೇಡ, ರದ್ದು ಅಂತ ಗುರುತು ಹಾಕು, ಸಾಲು ಅಲ್ಲೇ ಇರಲಿ.

ಮಾನ್ವಿ ಮಾಸ್ತರ್

ಈ ಬಾಣ ನನ್ನ ಹಾಳೆಯಲ್ಲೂ ಬರುತ್ತಿರಲಿಲ್ಲ. ಗುಮಾಸ್ತರನ್ನು ಒಮ್ಮೆ ನನ್ನ ಕ್ಲಾಸಿಗೆ ಕಳಿಸಿ.

ಹಟ್ಟಿ ಚಿನ್ನ

ಅದೆಲ್ಲ ಇರಲಿ, ತಮ್ಮನಿಗೆ 22 ಚೀಲದ ದುಡ್ಡು ಸಿಕ್ತಾ?

ಸಿಂಧನೂರು ಸೋನಾ

ಚೀಟಿ ಮತ್ತೆ ಮಾಡಿದೆ. ಮಾವ ಅವರಿಗೆ ಫೋನ್ ಮಾಡಿದ್ದಾರೆ, ನಾಳೆ ಬೆಳಿಗ್ಗೆ ಅಂಗಡಿಗೆ ಬರುತ್ತಾರೆ. ನಾನೂ ಇರಬೇಕಂತೆ.